ಕಳವಾ ಊರಿನ ಖೋಲಿಯಿಂದ ಸುಡಾನಿನಲ್ಲಿ ತಂಗಿಯನ್ನು ಹುಡುಕಿದ್ದು

ಮರಾಠಿ ನಾಲಿಗೆಗೆ ಹತ್ತುವ ಮೊದಲೇ ನಾನು ಒಂದು ಅರಬ್ಬಿ ಮಾತು ಕಲಿತೆ. 'ವೇನ್ ಉಖ್ತೀ?' ಅಂದರೆ, ನನ್ನ ತಂಗಿ ಎಲ್ಲಿ? ಕಲಿಸಿದಾಕೆ ಸುಡಾನ್ ದೇಶದ ಹೆಂಗಸು. ಕಲಿತದ್ದು ವಾಶಿಯ ಒಂದು ಉಡುಪಿ ಹೋಟೆಲಿನಲ್ಲಿ, ಎದುರುಬದುರು ಕೂತು ಇಡ್ಲಿ ತಿನ್ನುತ್ತ. ವಿಜಯಪುರ ಜಿಲ್ಲೆಯ ಇಂಡಿ ಊರನ್ನು ಬಿಟ್ಟು ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ.

ನನ್ನ ಗಂಡನಿಗೆ ಠಾಣೆ ನಗರದ ಪಕ್ಕದ ಕಳವಾ ಎಂಬ ಊರಿನ ರೈಲ್ವೆ ಕಾರ್ ಶೆಡ್ಡಿನಲ್ಲಿ ಗುತ್ತಿಗೆಯ ವೆಲ್ಡಿಂಗ್ ಕೆಲಸ ಸಿಕ್ಕಿತೆಂದು ನಾವು ಇಲ್ಲಿಗೆ ಬಂದೆವು. ಬಾಡಿಗೆಗೆ ಸಿಕ್ಕಿದ್ದನ್ನು ಇಲ್ಲಿ ಖೋಲಿ ಅನ್ನುತ್ತಾರೆ, ಒಂದೇ ಕೋಣೆ. ಅಡುಗೆ, ನಿದ್ದೆ, ಬಂದವರು ಕೂಡುವುದು ಎಲ್ಲ ಅದರೊಳಗೇ. ಊರಲ್ಲಿ ಬಾಗಿಲು ತೆರೆದರೆ ಬೀದಿ ಕಾಣುತ್ತಿತ್ತು. ಇಲ್ಲಿ ಬಾಗಿಲು ತೆರೆದರೆ ಇನ್ನೊಬ್ಬರ ಬಾಗಿಲು. ಅದು ಸುಮತಿಯಕ್ಕನದು. ಉಡುಪಿ ಕಡೆಯವರು, ಮನೆಯೊಳಗೆ ತುಳು, ನನ್ನ ಜೊತೆ ಕನ್ನಡ. ನನ್ನ ಕನ್ನಡ ಅವರಿಗೆ ಜಗಳ ಆಡಿದಂತೆ ಕೇಳುತ್ತಿತ್ತಂತೆ. ಅವರದು ನನಗೆ ಪುಸ್ತಕ ಓದಿದಂತೆ ಕೇಳುತ್ತಿತ್ತು. ಅವರ ಮಗಳನ್ನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ಬರುತ್ತಿದ್ದುದು ಹಿಂದಿಯಲ್ಲಿ. ಮೊದಮೊದಲು ನಾನು ಯಾರ ಜೊತೆಗೂ ಮಾತು ಬೆಳೆಸಲಿಲ್ಲ.

ನನ್ನ ತಂಗಿ ರೇಣುಕಾ ನರ್ಸ್. ಸುಡಾನಿನ ವಾದ್ ಮದನಿ ಎಂಬ ಊರಿನಲ್ಲಿ ಒಂದು ಪರಿಹಾರ ಸಂಸ್ಥೆಯ ಹೆರಿಗೆ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಆ ದೇಶದಲ್ಲಿ ಯುದ್ಧ ಶುರುವಾದ ಮೇಲೂ ಫೋನ್ ತಪ್ಪಿಸಿರಲಿಲ್ಲ. 'ಗುಂಡಿನ ಸಪ್ಪಳ ದೂರ ಅದ ಅಕ್ಕಾ, ಹೆದರಬ್ಯಾಡ' ಅನ್ನುತ್ತಿದ್ದಳು. ಒಂದು ದಿನ ಬಂದೂಕಿನವರು ಆ ಊರಿಗೇ ನುಗ್ಗಿದರು. ಅವತ್ತಿನಿಂದ ಅವಳ ಫೋನ್ ಹತ್ತಲಿಲ್ಲ. ಸಂಸ್ಥೆಯವರು, ಸಿಬ್ಬಂದಿಯೆಲ್ಲ ಚದುರಿ ಹೋಗಿದ್ದಾರೆ, ನಾವೂ ಹುಡುಕುತ್ತಿದ್ದೇವೆ ಎಂದರು. ಇಂಡಿಯಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಊಟ ಬಿಟ್ಟಳು.

ನಮ್ಮೂರಲ್ಲಿ ಯಾರಾದರೂ ಕಾಣೆಯಾದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ನಾಲ್ಕು ಜನರನ್ನು ಕೇಳಿದರೆ ಸಾಕು, ಯಾವ ಬಸ್ಸು ಹತ್ತಿದ, ಯಾರ ಮನೆಗೆ ಹೋದ ಎಂಬುದು ತಿಳಿದುಬಿಡುತ್ತದೆ. ಇಲ್ಲಿ ನಾನು ಯಾರನ್ನು ಕೇಳಲಿ? ನೀರು ತುಂಬುವಾಗ ಕಣ್ಣೀರು ತಡೆಯಲಾಗಲಿಲ್ಲ. ಸುಮತಿಯಕ್ಕ ನನ್ನ ಕೈಯಿಂದ ಕೊಡ ತೆಗೆದು ಕೆಳಗಿಟ್ಟರು. ನಾನು ಹೇಳಿದ್ದನ್ನೆಲ್ಲ ಕೇಳಿಕೊಂಡರು.

"ಸುಡಾನಾ? ವಾಶಿಯಲ್ಲಿ ನಮ್ಮವರು ಮ್ಯಾನೇಜರ್ ಆಗಿರೋ ಹೋಟೆಲುಂಟಲ್ಲ, ಅಲ್ಲಿಗೆ ದಿನಾ ಸುಡಾನಿನವರು ಬರ್ತಾರೆ ಮಾರಾಯ್ತಿ! ಹತ್ತಿರದ ಆಸ್ಪತ್ರೆಗೆ ಬಂದವರು. ಇಲ್ಲಿ ಕೂತು ಅತ್ರೆ ಆಗ್ತದಾ? ಹೋಗಿ ಕೇಳು."

ಮರುದಿನ ಒಬ್ಬಳೇ ಹೊರಟೆ. ಕಳವಾ ಸ್ಟೇಷನ್ನಿನಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ವಾಶಿ. ಅಲ್ಲಿಯವರೆಗೆ ಗಂಡ ಜೊತೆಗಿಲ್ಲದೆ ನಾನು ಲೋಕಲ್ ಹತ್ತಿದವಳಲ್ಲ. ಠಾಣೆಯಲ್ಲಿ ಇಳಿಯಲು ಹೆಂಗಸರ ಡಬ್ಬಿಯ ಬಾಗಿಲಿಗೆ ಬರುವಷ್ಟರಲ್ಲಿ ಹತ್ತುವವರು ನುಗ್ಗಿದರು. ಹಿಂದಿದ್ದ ಬೆಸ್ತರ ಹೆಂಗಸೊಬ್ಬಳು, ಮೀನಿನ ಬುಟ್ಟಿಯವಳು, "ಚಲಾ, ಪುಢೇ ಚಲಾ!" ಎಂದು ಬೆನ್ನಿಗೆ ಕೈ ಕೊಟ್ಟು ನೂಕಿದಳು. ಮುಂದೆ ನಡಿ ಎಂದರ್ಥ. ಪ್ಲಾಟ್‌ಫಾರ್ಮಿನ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ ನಿಂತಾಗ, ಇಷ್ಟು ಮಾಡಿದೆನಲ್ಲ, ಇನ್ನು ಮಿಕ್ಕದ್ದನ್ನೂ ಮಾಡಬಲ್ಲೆ ಅನ್ನಿಸಿತು.

ಹೋಟೆಲಿನಲ್ಲಿ ಸುಮತಿಯಕ್ಕನ ಯಜಮಾನರು ಮೂಲೆಯ ಟೇಬಲ್ ತೋರಿಸಿದರು. ಸೀರೆ ಉಟ್ಟವಳಂತೆ ಕಂಡ ಒಬ್ಬ ಹೆಂಗಸು ಕೂತಿದ್ದಳು. ಅದು ಸೀರೆಯಲ್ಲ, ತೋಬ್. ತಲೆಯಿಂದ ಕಾಲಿನವರೆಗೆ ಸುತ್ತುವ ಒಂದೇ ಉದ್ದನೆಯ ಬಟ್ಟೆ. ಅವಳ ಹೆಸರು ಆಮ್ನಾ. ಗಂಡನ ಹೃದಯದ ಆಪರೇಷನ್ನಿಗೆಂದು ಬಂದಿದ್ದಳು. ಆಪರೇಷನ್ ಚೆನ್ನಾಗಿ ಆಯಿತು. ಅಷ್ಟರಲ್ಲಿ ಊರು ಹೊತ್ತಿ ಉರಿದು, ಹೋಗಲು ಮನೆಯೇ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಕಲಿತ ಒಡಕು ಹಿಂದಿ ಅವಳದು, ಲೋಕಲ್‌ನಲ್ಲಿ ಕಲಿತ ಒಡಕು ಹಿಂದಿ ನನ್ನದು. ಅದರಲ್ಲೇ ಎಲ್ಲ ಹೇಳಿದೆ.

"ಫೋಟೋ ದೋ," ಅಂದಳು ಆಮ್ನಾ, ಕೈ ಚಾಚಿ. "ಮೇರಾ ಲೋಗ್ ಬಹುತ್."

ನನ್ನ ಜನ ಬಹಳ ಎಂದು ಅವಳು ಹೇಳಿದ್ದು ಬರೀ ಮಾತಲ್ಲ. ರೇಣುಕಾಳ ಫೋಟೋ, ಆಮ್ನಾಳ ದನಿಯಲ್ಲಿ ಒಂದು ಸಂದೇಶ, ಕೊನೆಗೆ ನನ್ನ ಬಾಯಿಂದಲೇ ಹೇಳಿಸಿದ 'ವೇನ್ ಉಖ್ತೀ' ಅವಳ ಚಿಕ್ಕಮ್ಮ, ಭಾವ, ಸೋದರತ್ತೆಯ ಮಕ್ಕಳಿಗೆಲ್ಲ ಹೋಯಿತು. ಅವರಲ್ಲೂ ಅರ್ಧ ಜನ ಊರು ಬಿಟ್ಟು ದಾರಿಯಲ್ಲಿದ್ದವರು. ಬಂದೂಕಿಗೆ ಹೆದರಿ ಓಡುವಾಗಲೂ ಕಂಡವರಿಗೆ ನನ್ನ ತಂಗಿಯ ಫೋಟೋ ತೋರಿಸಿದರು.

ಮೊದಲು ಬಂದ ಸುದ್ದಿ ಸಮುದ್ರ ದಡದ ಊರಿನದು: ಇಲ್ಲೊಬ್ಬಳು ಇಂಡಿಯನ್ ನರ್ಸ್ ಹಡಗಿಗೆ ಕಾಯುತ್ತಿದ್ದಾಳೆ ಎಂದು. ನಾನು ಆಮ್ನಾಳ ಕೈ ಹಿಡಿದು ಕುಣಿದೇಬಿಟ್ಟೆ. ಫೋಟೋ ಬಂತು. ಯಾರೋ ಕೇರಳದವಳು. ಆಮೇಲೆ, ಅವಳ ಮನೆಗಾದರೂ ಸುದ್ದಿ ಮುಟ್ಟಿಸಿರೆಂದು ನಾನೇ ಹೇಳಿ ಕಳಿಸಿದೆ.

ಕಾಯುವ ದಿನಗಳಲ್ಲಿ ಆಮ್ನಾ ಕಳವಾಕ್ಕೆ ಬರತೊಡಗಿದಳು. ಅವರದೂ ಜೋಳ ತಿನ್ನುವ ನಾಡು ಎಂದು ನನಗೇನು ಗೊತ್ತು! ಗಿರಣಿಯಲ್ಲಿ ನಾನು ಬೀಸಿಸಿ ತಂದ ಹಿಟ್ಟನ್ನು ಬೆರಳಿನಿಂದ ತಿಕ್ಕಿ ನೋಡಿ ಕಣ್ಣರಳಿಸಿದಳು. ನಾವು ಹಿಟ್ಟು ನಾದಿ ಬಡಿದು ರೊಟ್ಟಿ ಮಾಡುತ್ತೇವೆ. ಅವರು ಹುಳಿ ಬರಿಸಿ, ದೋಸೆಗಿಂತ ತೆಳ್ಳಗೆ ಹರಡುತ್ತಾರೆ; ಕಿಸ್ರಾ ಎಂದು ಹೆಸರು. ಒಂದು ಭಾನುವಾರ ಬೆಳಿಗ್ಗೆ ಸುಮತಿಯಕ್ಕ ತಮ್ಮ ದೋಸೆ ಕಾವಲಿ ಹಿಡಿದು ಬಂದರು, ಮೂವರೂ ಸೇರಿ ಕಿಸ್ರಾ ಹಚ್ಚುತ್ತಿದ್ದೆವು. ಆಮ್ನಾಳ ಫೋನಿಗೆ ಒಂದು ಧ್ವನಿ ಸಂದೇಶ ಬಂತು. ಅವಳು ಕೇಳಿಸಿಕೊಂಡು, ಹಿಟ್ಟಿನ ಕೈಯಲ್ಲೇ ಫೋನನ್ನು ನನ್ನ ಕಿವಿಗೆ ಒತ್ತಿದಳು.

"ಅಕ್ಕಾ, ನಾ ರೇಣುಕಾ. ಗೆಡಾರಿಫ್ ಅನ್ನೂ ಊರಾಗ ಅದೀನಿ. ಆರಾಮ ಅದೀನಿ. ಅವ್ವಗ ಉಣ್ಣಾಕ ಹೇಳು."

ನಾನು ಅತ್ತುಬಿಟ್ಟೆ. ಸುಮತಿಯಕ್ಕನೂ ಅತ್ತರು. ಕಾವಲಿಯ ಮೇಲಿದ್ದ ಕಿಸ್ರಾ ಕರಕಾಯಿತು.

ನಿರಾಶ್ರಿತರು ತುಂಬಿದ ಒಂದು ಶಾಲೆಯಲ್ಲಿ ರೇಣುಕಾ ಹೆರಿಗೆ ಮಾಡಿಸುತ್ತಿದ್ದಳು. ಓಡುವಾಗ ಫೋನ್ ಕಳೆದಿತ್ತು. ಆಮ್ನಾಳ ಸಂಬಂಧಿಯೊಬ್ಬಳು ಬಾಣಂತಿಯನ್ನು ನೋಡಲು ಅಲ್ಲಿಗೆ ಹೋದಾಗ ಫೋಟೋದ ಮುಖವನ್ನು ಗುರುತಿಸಿದ್ದಳು. ಸಂಸ್ಥೆಯವರಿಗೆ ತಿಳಿಸಿದೆವು, ಅವರು ಅವಳನ್ನು ತಲುಪಿ, ಊರಿಗೆ ಕಳಿಸುವ ಏರ್ಪಾಡಿಗೂ ಮುಂದಾದರು. ಅವಳು ಒಪ್ಪಲಿಲ್ಲ. ಅವ್ವ ನನಗೆ ಹೇಳಿದಳು, "ನಿನ್ನ ಮಾತು ಕೇಳ್ತಾಳ, ನೀ ಹೇಳು."

ಫೋನ್ ಲೈನ್ ಸಿಕ್ಕ ದಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಸಾಕು ರೇಣೂ, ಮನಿಗಿ ಬಾ."

"ಇಲ್ಲಿ ದಿನ ತುಂಬಿದವರು ಭಾಳ ಮಂದಿ ಅದಾರ ಅಕ್ಕಾ. ಬ್ಯಾರೆ ನರ್ಸ್ ಬರೂತನಕ ಬಿಟ್ಟು ಬರಾಕ ಆಗೂದಿಲ್ಲ." ಆಮೇಲೆ ಅವಳೇ ಕೇಳಿದಳು, "ನೀ ಈಗ ಎಲ್ಲಿ ಅದಿ?"

"ಮನ್ಯಾಗ."

"ಇಂಡಿಗಿ ಹೋಗಿ ಏನ?"

"ಇಲ್ಲ. ಕಳವಾ ಖೋಲ್ಯಾಗ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿದೆ. "ಮತ್ತ ನನಗ ಮನಿಗಿ ಬಾ ಅಂತೀ. ಯಾವ ಮನಿಗಿ?"

ನನಗೆ ಆ ಪ್ರಶ್ನೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಎರಡಕ್ಕೂ ಬಾ," ಅಂದೆ. "ಮೊದಲ ಇಲ್ಲಿಗಿ ಬಾ."