ಗೇಟ್ ಬಿದ್ದಾಗ ಸೈಕಲ್ ಮೇಲಿದ್ದೆ

ನಮ್ಮ ಮನೆಯವರಿಗೆ ಸೇಡಂಗೆ ವರ್ಗ ಆಯ್ತು. ಕಾರೂ ಅವರ ಜೊತೆ ಹೋಯ್ತು. ನಾನು ಮಗಳ ಸೈಕಲ್ ಹತ್ತಿ ಶಾಲೆಗೆ ಪಾಠ ಹೇಳಲು ಹೊರಟೆ. ಶಹಾಬಾದಿನಲ್ಲಿ ಸುದ್ದಿಯಾಗಲು ಇಷ್ಟು ಸಾಕಲ್ಲವೇ?

'ಟೀಚರ್, ಕಾರ್ ಮಾರಿದ್ರೇನ್ರಿ?' ಹಾಲಿನವರು ಕೇಳಿದರು. 'ಶುಗರ್ ಏನರ ಬಂದದೇನ್ರಿ?' ಮೆಡಿಕಲ್ ಶಾಪಿನವರು ಕೇಳಿದರು. (ಐವತ್ತರ ಹೆಂಗಸು ಸುಮ್ಮನೆ ಖುಷಿಗೆ ಸೈಕಲ್ ತುಳಿಯಬಾರದೇ?)

ಮೊದಮೊದಲು ತೊಡೆ ನೋವು. ಆಮೇಲೆ ಶುರುವಾಯ್ತು ಮಜಾ. ಭಂಕೂರಿನ ದಾರಿಯಲ್ಲಿ ತೊಗರಿ ಹೂ ಬಿಟ್ಟಿದೆ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ್ದೇನೆ, ಹೂವಿನ ಮೇಲೆ ಜೇನು ಗುಂಯ್‌ಗುಡುವುದನ್ನು ಕೇಳಿರಲಿಲ್ಲ. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಇಳಿಜಾರು ಬಂದರೆ ಕಾಲಿಗೆ ರಜೆ.

ಹೋದ ಸೋಮವಾರ ರೈಲ್ವೆ ಗೇಟ್ ಬಿತ್ತು. ಸಿಮೆಂಟ್ ತುಂಬಿದ ಗೂಡ್ಸ್, ಮುಗಿಯುವ ಲಕ್ಷಣವೇ ಇಲ್ಲ. ಒಂದು ಕಾಲು ನೆಲಕ್ಕೂರಿ ನಿಂತೆ. ಪಕ್ಕಕ್ಕೆ ನೋಡಿದರೆ ರಶೀದಾ.

ರಶೀದಾ ನನ್ನ ಬಾಲ್ಯದ ಗೆಳತಿ. ಗೇಟಿನ ಆಚೆ ಟೇಲರಿಂಗ್ ಅಂಗಡಿ ಇಟ್ಟಿದ್ದಾಳೆ. ನನ್ನ ಮದುವೆಯಿಂದ ಹಿಡಿದು ಎಲ್ಲ ಬ್ಲೌಸ್ ಹೊಲಿದವಳು ಅವಳೇ. ತಮ್ಮನ ಮದುವೆಗೆ ಹೊಲಿದದ್ದು ಮಾತ್ರ ಬಿಗಿಯಾಯ್ತು. 'ಅಳತಿ ತಪ್ಪೀದಿ' ಅಂದೆ. 'ಅಳತಿ ಬರೋಬರಿ ಅದ, ನೀ ಉಬ್ಬೀದಿ' ಅಂದಳು. ಬೀಗರ ಮುಂದೆ! ಅಷ್ಟಕ್ಕೇ ಐದು ವರ್ಷ ಮಾತಿಲ್ಲ.

ಅವಳನ್ನು ಈ ಗೇಟಿನಲ್ಲಿ ಎಷ್ಟೋ ಸಲ ನೋಡಿದ್ದೆ. ಕಾರಿನಲ್ಲಿದ್ದರೆ ಸುಲಭ, ಫೋನ್ ನೋಡಿದ ಹಾಗೆ ಮಾಡಿದರಾಯ್ತು. ಸೈಕಲ್ ಮೇಲೆ ಮುಖ ಎಲ್ಲಿ ಅಡಗಿಸುವುದು? ನಮ್ಮಿಬ್ಬರ ನಡುವೆ ಒಂದು ಮೊಳವೂ ಇರಲಿಲ್ಲ. ಇಬ್ಬರೂ ಗೂಡ್ಸಿನ ಡಬ್ಬಿಗಳನ್ನೇ ನೋಡುತ್ತ ನಿಂತೆವು.

ಗೇಟ್ ಎದ್ದಿತು. ಪೆಡಲ್ ಮೇಲೆ ಕಾಲಿಟ್ಟೆ.

'ತಡಿ. ಸೆರಗು ಚೈನಿನಾಗ ಹೊಂಟದ ನೋಡು.'

ಐದು ವರ್ಷದ ಮೇಲೆ ಅವಳು ಆಡಿದ ಮೊದಲ ಮಾತು. ಬಗ್ಗಿ ಸೆರಗು ಬಿಡಿಸಿದಳು. ತನ್ನ ಓಢಣಿಯ ಪಿನ್ ತೆಗೆದು ಸೆರಗನ್ನು ನನ್ನ ಸೊಂಟದ ಹತ್ತಿರ ಸಿಕ್ಕಿಸಿದಳು. ಹಿಂದಿನವರು ಒಂದೇ ಸಮ ಹಾರ್ನ್ ಹೊಡೆಯುತ್ತಿದ್ದರು. ಅವಳು ತಿರುಗಿಯೂ ನೋಡಲಿಲ್ಲ.

'ತೆಳ್ಳಗಾಗೀದಿ' ಅಂದಳು.

'ಸುಳ್ಳು ಹೇಳಬ್ಯಾಡ' ಅಂದೆ.

ನಗು ಮೊದಲು ಯಾರಿಗೆ ಬಂತೋ ಗೊತ್ತಿಲ್ಲ. ನನಗೆ ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು. (ಧೂಳು ಅಂದೆ. ಅವಳು ನಂಬಲಿಲ್ಲ.)

ಸೈಕಲ್ ತಳ್ಳಿಕೊಂಡು ಅವಳ ಅಂಗಡಿಯವರೆಗೂ ನಡೆದೆ. 'ಸೂಜಿಗೆ ದಾರ ಏರಸಾಕ ಕಣ್ಣು ಕಾಣವಲ್ದು. ಈಗ ಸೊಸೀನೇ ಗುಂಡಿಗಿ ಕಾಜಾ ಹಾಕ್ತಾಳ' ಅಂದಳು. ಸೊಸೆ! ಮಗನ ಮದುವೆ ಆದದ್ದೇ ನನಗೆ ಗೊತ್ತಿಲ್ಲ. ಐದು ವರ್ಷದ ಸುದ್ದಿ ಒಂದು ಬೆಳಗಿಗೆ ಮುಗಿಯುತ್ತದೆಯೇ? ಶಾಲೆಯಲ್ಲಿ ಪ್ರಾರ್ಥನೆ ತಪ್ಪಿತು. ಹೆಡ್‌ಮಾಸ್ತರು ಗಡಿಯಾರ ನೋಡಿದರು, ನಾನು ನೋಡಲಿಲ್ಲ.

ಈಗ ಮನೆಯಿಂದ ಬೇಗ ಹೊರಡುತ್ತೇನೆ. ಗೇಟಿನ ತನಕ ಸವಾರಿ, ಅಲ್ಲಿಂದ ಅವಳ ಜೊತೆ ನಡಿಗೆ.

ಏನು ಮಾಡುವುದು, ನಮ್ಮಿಬ್ಬರ ಮಾತಿಗೆ ಸೈಕಲ್ ಕೂಡ ಭಾಳ ಸ್ಪೀಡ್ ಆಯ್ತು.