ಬ್ಯಾಟರಿಯ ಮೇಲಿನ ವಿಭೂತಿ

ಇವತ್ತು ಬೆಳಿಗ್ಗೆ ಆಫೀಸಿಗೆಂದು ಹೊರಟು ಕೀಲಿ ತಿರುಗಿಸಿದರೆ ಕಾರು ಕಟಕಟ ಎಂದು ಸುಮ್ಮನಾಯಿತು. ಇಳಿದು ಬಾನೆಟ್ ಎತ್ತಿದೆ. ಬಾನೆಟ್ ಎತ್ತಿ ಗಂಭೀರವಾಗಿ ಇಣುಕುವುದು ನನಗೆ ಚೆನ್ನಾಗಿ ಬರುತ್ತದೆ. ಇಣುಕಿದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಈ ವಯಸ್ಸಿಗೂ ತಿಳಿದಿಲ್ಲ. ಬ್ಯಾಟರಿಗೆ ವೈರು ಕಚ್ಚಿಕೊಂಡಿರುವ ಎರಡು ತುದಿಗಳಲ್ಲೂ ಬೂದಿಯಂಥ ಬಿಳಿ ಪುಡಿ ಉಬ್ಬಿತ್ತು. ಅದನ್ನು ಕಂಡದ್ದೇ ತಡ, ಮಧುಗಿರಿಯ ನಮ್ಮ ಮನೆ ಮುಂದೆ ನಿಂತಿದ್ದ ನನಗೆ ಕೊರಟಗೆರೆಯ ಚಿಕ್ಕಮ್ಮ ನೆನಪಾದಳು.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಕೊಳಾಲದ ಆಚೆ ಒಂದು ಸಣ್ಣ ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ಇಡೀ ಶಾಲೆಗೆ ಅವಳೊಬ್ಬಳೇ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲವೆಂದು ಚಿಕ್ಕಪ್ಪ ಒಂದು ಹಳೆಯ ಬಿಳಿ ಕಾರು ಕೊಂಡು ದಿನವೂ ಬಿಟ್ಟು ಬರುತ್ತಿದ್ದರು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳಕ್ಕೆ ಕರೆದೊಯ್ದು ಅವಳಿಗೂ ಓಡಿಸಲು ಕಲಿಸಿದರು, ಲೈಸೆನ್ಸೂ ಮಾಡಿಸಿದರು. ಆದರೆ ರಸ್ತೆಗೆ ಬಂದಾಗ ಸ್ಟೀರಿಂಗು ಬಿಟ್ಟುಕೊಡುತ್ತಿರಲಿಲ್ಲ. ಕಾರಿನ ಮೇಲೆ ಅವರಿಗೆ ಅಂಥ ಮೋಹ.

ಆ ಮೋಹ ನೋಡಬೇಕಾದರೆ ಆಯುಧಪೂಜೆಯ ದಿನ ಹೋಗಬೇಕಿತ್ತು. ನಾವೆಲ್ಲ ಬಾನೆಟ್ಟಿನ ಮೇಲೊಂದು ಹೂವಿನ ಹಾರ, ಗಾಲಿಯಡಿಗೊಂದು ನಿಂಬೆಹಣ್ಣು ಇಟ್ಟು ಮಂಡಕ್ಕಿ ತಿನ್ನಲು ಕೂರುವವರು. ಚಿಕ್ಕಪ್ಪ ಬಾನೆಟ್ ತೆಗೆದು ರೇಡಿಯೇಟರಿಗೆ ಕುಂಕುಮ, ಹಾರನ್ನಿಗೆ ಹೂವು ಇಟ್ಟು, ಬ್ಯಾಟರಿಯ ಕರಿ ಮುಚ್ಚಳದ ಮೇಲೆ ಮೂರು ಬೆರಳಿನಿಂದ ಉದ್ದಕ್ಕೆ ವಿಭೂತಿ ಎಳೆಯುತ್ತಿದ್ದರು. “ಎಲ್ರೂ ಮುಖಕ್ಕೇ ಪೂಜೆ ಮಾಡ್ತಾರೆ ಕಣ್ಲಾ, ಹೊಟ್ಟೇಲಿ ಇರೋದನ್ನ ಯಾರು ವಿಚಾರಿಸ್ತಾರೆ?” ಎನ್ನುತ್ತಿದ್ದರು.

ಹಾಗೆ ವಿಭೂತಿ ಎಳೆದ ಒಂದು ವರ್ಷ, ದೀಪಾವಳಿ ಕಳೆದ ಮೇಲೆ, ಎದೆನೋವೆಂದು ಕೂತವರು ಏಳಲಿಲ್ಲ.

ತಿಥಿ ಮುಗಿದ ಮೇಲೆ ಚಿಕ್ಕಪ್ಪನ ಅಣ್ಣ ದೊಡ್ಡೇರಿಯಿಂದ ಬಂದರು. “ಕಾರು ಮಡೀಕಂಡು ಏನ್ ಮಾಡ್ತೀಯವ್ವ? ಮಾರ್ಬುಡು. ಸ್ಕೂಲಿಗೆ ನಮ್ಮುಡುಗ ಬೈಕಲ್ಲಿ ಬುಟ್ಟು ಬತ್ತಾನೆ,” ಎಂದರು. ಕೆಟ್ಟ ಮನುಷ್ಯರಲ್ಲ, ಕಾಳಜಿಯಿಂದಲೇ ಹೇಳಿದ್ದು. ಚಿಕ್ಕಮ್ಮ ತಲೆ ಎತ್ತಲಿಲ್ಲ. “ಇಲ್ಲ ಭಾವ, ನಾನೇ ಓಡಿಸ್ತೀನಿ. ದಿನಾ ಇನ್ನೊಬ್ಬರ ಹಿಂದೆ ಕೂತು ಹೋಗೋಕೆ ನಂಗಾಗಲ್ಲ,” ಎಂದಳು. ಭಾವ, “ಯುಗಾದಿಗಂಟ ನೋಡಾನ. ಗಾಡಿ ದಾರೀಲಿ ಕೈ ಕೊಡ್ತು ಅಂದ್ರೆ ಮಾರಾದೇಯ,” ಎಂದು ಎದ್ದರು.

ಗಾಡಿ ದಾರಿಯಲ್ಲಿ ಕೈ ಕೊಡಲಿಲ್ಲ, ಮನೆ ಮುಂದೆಯೇ ಕೊಟ್ಟಿತು. ಒಂದು ದಿನ ಹೊರಟರೆ ಇನ್ನೊಂದು ದಿನ ಇಲ್ಲ. ಬೀದಿಯವರು ಸೇರಿ ತಳ್ಳುತ್ತಿದ್ದರು. ರಜೆ ಹಾಕಿ ನಾಲ್ಕು ದಿನ ಇದ್ದುಬರಲು ಹೋದ ನಾನೂ ತಳ್ಳಿದೆ. ಕಾರಿಗಿಂತ ನನ್ನ ಹೊಟ್ಟೆಯನ್ನು ಮುಂದಕ್ಕೆ ಸಾಗಿಸುವುದೇ ಕಷ್ಟವಾಯಿತು. ಕೊನೆಗೆ ಮೆಕ್ಯಾನಿಕ್ಕನನ್ನು ಕರೆತಂದೆ. ಅವನು ನೋಡಿ, “ಬ್ಯಾಟ್ರಿ ಚೆನ್ನಾಗೈತಮ್ಮ. ತುದೀಲಿ ಉಪ್ಪು ಕಟ್ಟೈತೆ, ಕರೆಂಟು ದಾಟ್ತಿಲ್ಲ. ವೈರು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳುದ್ರೆ ಆಯ್ತು,” ಎಂದು ಬಟ್ಟೆ ಕೈಗೆತ್ತಿಕೊಂಡ.

“ಮುಟ್ಬ್ಯಾಡಪ್ಪ!” ಎಂದಳು ಚಿಕ್ಕಮ್ಮ. “ಅದು ಉಪ್ಪಲ್ಲ, ವಿಭೂತಿ. ನಮ್ಮ ಯಜಮಾನ್ರು ಹಚ್ಚಿದ್ದು.”

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಅವನು ಬಟ್ಟೆ ಮಡಚಿಟ್ಟು ಹೊರಟುಹೋದ.

ಬಗ್ಗಿ ನೋಡಿದೆ. ಮುಚ್ಚಳದ ನಡುವೆ ಮೂರು ಬೆರಳಿನ ಪಟ್ಟೆಗಳು ಹಾಗೇ ಇದ್ದವು. ತುದಿಗಳ ಹತ್ತಿರ ಬಂದಂತೆ ಅವು ಬಿಳಿ ಪುಡಿಯೊಳಗೆ ಸೇರಿಹೋಗಿದ್ದವು. ಅವಳು ದಿನವೂ ಹೊರಡುವ ಮುಂಚೆ ಬಾನೆಟ್ ತೆಗೆದು ಅದಕ್ಕೆ ಕೈ ಮುಗಿಯುತ್ತಿದ್ದಳಂತೆ. ಕಣ್ಣೆದುರೇ ಉಪ್ಪು ಬೆಳೆದದ್ದು ಅವಳಿಗೆ ವಿಭೂತಿಯಾಗಿಯೇ ಕಂಡಿತ್ತು.

“ಹೊಸ ಬ್ಯಾಟರಿ ಹಾಕಿಸೋಣ ಚಿಕ್ಕಮ್ಮ, ಇದನ್ನ ದೇವರ ಮನೇಲಿ ಇಟ್ಕೊ,” ಎಂದು ನನ್ನ ಬುದ್ಧಿವಂತಿಕೆ ತೋರಿಸಿದೆ. “ಆಸಿಡ್ ಡಬ್ಬ ದೇವರ ಮನೇಲಿ ಇಡ್ಲಾ? ನಿಂಗೇನು ತಲೆ ಕೆಟ್ಟೈತಾ?” ಎಂದು ಬೈಸಿಕೊಂಡೆ. “ಹಂಗಾದ್ರೆ ತುದಿ ಮಾತ್ರ ತೊಳಿ.” “ನೀರು ನಿನ್ನ ಮಾತು ಕೇಳಿ ತುದೀಲೇ ನಿಲ್ತದೇನೋ?”

ಮಾರನೆಯ ದಿನ ಬೀದಿಯಲ್ಲಿ ತಳ್ಳಲು ಯಾರೂ ಸಿಗಲಿಲ್ಲ. ನನ್ನೊಬ್ಬನಿಂದ ಕಾರು ಅಲುಗಲಿಲ್ಲ. ಅವಳು ಆಟೋ ಹುಡುಕಿ ಶಾಲೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಬೀಗದ ಕೈ ಇದ್ದದ್ದು ಅವಳ ಹತ್ತಿರ ಮಾತ್ರ. ಮಕ್ಕಳೆಲ್ಲ ಬೀಗ ಹಾಕಿದ ಬಾಗಿಲ ಮುಂದೆ ಬಿಸಿಲಲ್ಲಿ ಸಾಲಾಗಿ ಕೂತಿದ್ದವು. ಸಂಜೆ ಬಂದು ಇದಿಷ್ಟು ಹೇಳಿ ಚಿಕ್ಕಮ್ಮ ಅಡುಗೆಗೆ ಎದ್ದಳು.

ಬೆಳಿಗ್ಗೆ ನಾನು ಏಳುವಾಗ ಒಲೆಯ ಮೇಲೆ ನೀರು ಕಾಯುತ್ತಿತ್ತು. ಸ್ಪ್ಯಾನರ್ ತಂದು ಮೊದಲು ಕಪ್ಪು ವೈರು, ಆಮೇಲೆ ಕೆಂಪು ವೈರು ಅವಳೇ ಬಿಚ್ಚಿದಳು. ಆ ಪಟ್ಟೆಗಳ ಮೇಲೆ ತನ್ನ ಮೂರು ಬೆರಳು ಇಟ್ಟಳು. ಚಿಕ್ಕಪ್ಪನ ಬೆರಳು ದಪ್ಪ, ಇವಳದ್ದು ಸಣ್ಣ. ಕೈ ಹಾಗೇ ಹಣೆಯ ಕಡೆಗೆ ಹೋಯಿತು. “ಬ್ಯಾಡ ಚಿಕ್ಕಮ್ಮ, ಆಸಿಡ್ಡು,” ಎಂದೆ. ಹೇಳಬಾರದಿತ್ತು ಎನ್ನಿಸಿತು, ಆದರೆ ಹೇಳದೆ ವಿಧಿಯಿರಲಿಲ್ಲ. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು ಸೋಡದ ನೀರು ಸುರಿದಳು. ಬುಸಬುಸ ನೊರೆ ಎದ್ದು, ಉಪ್ಪೂ ವಿಭೂತಿಯೂ ಒಂದಾಗಿ ಅಂಗಳಕ್ಕೆ ಹರಿದವು. ಹಳೇ ಸೀರೆಯ ತುಂಡಿನಿಂದ ಒರೆಸಿ, ವೈರು ಬಿಗಿದು, ವ್ಯಾಸಲಿನ್ ಸವರಿ, ಒಳಗೆ ಕೂತು ಕೀಲಿ ತಿರುಗಿಸಿದಳು. ಒಂದೇ ಸಲಕ್ಕೆ ಕಾರು ಸ್ಟಾರ್ಟಾಯಿತು. ಅವಳು ಅಳಲಿಲ್ಲ. ಸ್ಪ್ಯಾನರ್ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತವನು ನಾನು.

ಯುಗಾದಿ ಹೊತ್ತಿಗೆ ಅವಳೇ ದೊಡ್ಡೇರಿಗೆ ಓಡಿಸಿಕೊಂಡು ಹೋದಳು. ಭಾವ ಮಾರುವ ಮಾತೆತ್ತಲಿಲ್ಲ. ಅಂಥ ಇನ್ನೊಬ್ಬ ಗಟ್ಟಿ ಹೆಂಗಸನ್ನು ನಾನು ಕಂಡಿಲ್ಲ.

ಇವತ್ತು ಅವಳಿಗೇ ಫೋನ್ ಮಾಡಿ ಸೋಡ ಎಷ್ಟು ಹಾಕಬೇಕೆಂದು ಕೇಳಿದೆ. ಒಂದು ಚಮಚ ಸಾಕು ಎಂದಳು. ಇಷ್ಟು ವರ್ಷ ಕೇಳಲು ಧೈರ್ಯವಾಗದ್ದನ್ನೂ ಕೇಳಿಬಿಟ್ಟೆ. “ಅವತ್ತು ಅದನ್ನ ತೊಳೆದಿದ್ದಕ್ಕೆ ಆಮೇಲೆ ಬೇಜಾರಾಯ್ತಾ ಚಿಕ್ಕಮ್ಮ?”

“ಆಗ್ದೆ ಇರ್ತದೇನೋ? ಆ ದಿನವೆಲ್ಲ ಊಟ ಸೇರಲಿಲ್ಲ,” ಎಂದಳು. ಫೋನಿನಲ್ಲಿ ಅವಳ ಹಿಂದೆ ಶಾಲೆಯ ಮಕ್ಕಳ ಗಲಾಟೆ ಕೇಳುತ್ತಿತ್ತು. “ಆದ್ರೆ ನಿಮ್ಮ ಚಿಕ್ಕಪ್ಪ ಅದನ್ನ ಹಚ್ಚಿದ್ದು ಗಾಡಿ ನಿಲ್ದಂಗೆ ಓಡ್ಲಿ ಅಂತ ಅಲ್ವಾ? ನಾನು ಅದನ್ನೇ ಕಾಯ್ಕಂಡು ಗಾಡಿ ನಿಲ್ಲಿಸ್ಬುಟ್ಟಿದ್ರೆ, ಅವರ ಪೂಜೆ ಯಾವ ಲೆಕ್ಕಕ್ಕೆ ಬರ್ತಿತ್ತು ಹೇಳು? ಸರಿ, ಸ್ಕೂಲ್ ಬೀಗ ತೆಗೀಬೇಕು. ಫೋನ್ ಮಡಗ್ತೀನಿ.”

ಮೆಕ್ಯಾನಿಕ್ಕನ ನಂಬರು ಹುಡುಕುವ ಯೋಚನೆ ಬಿಟ್ಟು ನಾನು ನೀರು ಕಾಯಿಸಲು ಒಳಗೆ ಹೋದೆ.