ಮೊಲೆಹಾಲಿನ ವೇಳಾಪತ್ರಿಕೆ

ನನ್ನ ಚೊಚ್ಚಲು ಮಗ ಹುಟ್ಟಿದ ಮೂರನೆಯ ದಿನಕ್ಕೇ ಸಾಲೆಗೆ ಸೇರಿದ. ಅವನ ಅಪ್ಪ ಧಾರವಾಡದಲ್ಲಿ ಇಂಗ್ಲಿಷ್ ಮಾಸ್ತರರು. ವಿಲಾಯತಿಯಲ್ಲಿ ಅಚ್ಚಾದ, ಕೂಸು ಸಾಕುವ ಪುಸ್ತಕವೊಂದನ್ನು ಓದಿ, ಬಾಣಂತಿ ಕೋಣೆಯ ಬಾಗಿಲಿಗೆ ವೇಳಾಪತ್ರಿಕೆ ಅಂಟಿಸಿದರು. ಆರು, ಹತ್ತು, ಎರಡು, ಮತ್ತೆ ಆರು, ಮತ್ತೆ ಹತ್ತು. ನಡುವೆ ಎಷ್ಟೇ ಅತ್ತರೂ ಮೊಲೆ ಕೊಡಬಾರದು.

“ಅಳ್ಳಿ ಬಿಡು. ಈಗಿಂದನ ಶಿಸ್ತು ಬಂದ್ರ ಮುಂದ ಬುದ್ಧಿ ಚುರುಕಾಗ್ತದ,” ಎಂದರು, ತಾವೇ ಹೆತ್ತವರಂತೆ.

ನಾನೂ ಕಡಿಮೆಯವಳಲ್ಲ. ನಾಲ್ಕನೆಯ ಇಯತ್ತೆ ಪಾಸಾದವಳು, ಗಡಿಯಾರ ಓದಬಲ್ಲೆನೆಂಬ ಸೊಕ್ಕು ಬೇರೆ. ಮುಳ್ಳು ನೋಡುತ್ತ ಕೂತೆ. ಎದೆ ಕಲ್ಲಾಯಿತು, ಜ್ವರ ಬಂತು, ಆಮೇಲೆ ಹಾಲೇ ಬತ್ತತೊಡಗಿತು. ಕೂಸಿನ ತೊಡೆಯ ಚರ್ಮ ಜೋತುಬಿತ್ತು.

ತವರಿನಲ್ಲಿ ನನಗೆ ತಾಯಿ ಇರಲಿಲ್ಲ. ಸುಗ್ಗಿ ಮುಗಿಸಿಕೊಂಡು ಅಮ್ಮಿನಬಾವಿಯಿಂದ ಅತ್ತೆ ಬಂದದ್ದು ಇಪ್ಪತ್ತನೆಯ ದಿನ. ಕೂಸನ್ನು ಎತ್ತಿಕೊಂಡವರೇ ದಂಗಾದರು.

“ಹಸದದವಾ, ಕುಡಸು.”

“ಇನ್ನೂ ಎರಡು ಹೊಡದಿಲ್ರೀ.”

“ನನಗ ಗಡಿಯಾರ ತಿಳ್ಯಾಂಗಿಲ್ಲ. ಅಳೂದು ತಿಳೀತದ.”

ನನ್ನ ಬೆನ್ನ ಹಿಂದೆ ತಾವೇ ಒರಗುದಿಂಬಾಗಿ ಕೂತು ಕೂಸನ್ನು ಎದೆಗೆ ಹಚ್ಚಿದರು. ಅತ್ತಾಗಲೆಲ್ಲ ಹಚ್ಚಿದರು. ಹಾಲೂರಲೆಂದು ನನಗೆ ಅಳ್ವಿ ಬೀಜದ ಪಾಯಸ ಉಣಿಸಿದರು. ಎಂಟು ದಿನದಲ್ಲಿ ಹಾಲು ಮರಳಿತು. ಸಂಜೆ ಮಾಸ್ತರರು, “ಅವ್ವಾ, ಎರಡಕ್ಕ ಕುಡಿಸಿದ್ರೇನು?” ಎಂದರೆ, “ಹೂಂ, ಕುಡಿಸೇವಪಾ,” ಎನ್ನುವರು. ಸುಳ್ಳೇನಲ್ಲ. ಒಂದಕ್ಕೂ ಮೂರಕ್ಕೂ ಕುಡಿಸಿದ್ದನ್ನು ಅವರು ಕೇಳಲಿಲ್ಲ. ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೃತಾರ್ಥರಾಗುತ್ತಿದ್ದರು.

ಮಗ ದುಂಡಗೆ ಬೆಳೆದ. ಐದು ವರ್ಷಕ್ಕೇ ಮಗ್ಗಿ ಒಪ್ಪಿಸಿದ, ಸಾಲೆಯಲ್ಲಿ ಮೊದಲಿಗನಾದ. ಎಲ್ಲ ವೇಳಾಪತ್ರಿಕೆಯ ಪುಣ್ಯವೆಂದು ಅವನಪ್ಪ ಊರೆಲ್ಲ ಸಾರಿದರು. ಗಂಡನ ಮಾನ ಕಾಯಬೇಕಲ್ಲ, ನಾನು ಬಾಯಿ ಬಿಡಲಿಲ್ಲ. ಕಿರಿಯ ಮಾಸ್ತರರು ಅದನ್ನು ನಕಲು ಮಾಡಿಕೊಳ್ಳಲು ಬಂದರೆ ನಾನೇ ಚಹಾ ಮಾಡಿಕೊಟ್ಟೆ.

ಒಂದು ಮಧ್ಯಾಹ್ನ ಅವರಲ್ಲೊಬ್ಬರ ಹೆಂಡತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅದರ ತೊಡೆ ನೋಡಿದೆ. ಹಾಗೇ ಜೋತುಬಿದ್ದಿತ್ತು.

“ನಿಮ್ಮ ಮಗಗೂ ಹಿಂಗ ಕುಡಿಸಿದ್ರಲ್ರೀ? ನಂದ್ಯಾಕ ಹಿಂಗ ಒಣಗೇದ?”

ಒಳಕೋಣೆಯಲ್ಲಿ ನಮ್ಮವರು ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ಆ ಚಹಾ ನೆನೆದು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

“ಇಲ್ಲವಾ,” ಎಂದೆ, ಒಳಗೂ ಕೇಳುವಂತೆ. “ನಮ್ಮತ್ತಿಯವರು ಬಂದ ಮ್ಯಾಲ ಒಂದು ದಿನಾನೂ ಗಡಿಯಾರ ನೋಡಿ ಕುಡಿಸಿಲ್ಲ. ಬಾ, ಇಲ್ಲೆ ಕೂಡು.”

ಒಳಗೆ ಪೇಪರಿನ ಮೇಲೆ ಗೀಚುತ್ತಿದ್ದ ಟಾಕಿನ ಸದ್ದು ನಿಂತಿತು. ನಾನು ಅವಳ ಬೆನ್ನ ಹಿಂದೆ ಒರಗುದಿಂಬಾಗಿ ಕೂತೆ.